ಮೊದಲ ತಿಂಗಳ ಒರತೆ: ಕೂಸಿನ ಬಾಯಿಗೆ ಪ್ಯಾಸಿಫೈಯರ್ ಯಾವಾಗ, ಏಕೆ ತಡವಾಗಿ

ಹೆರಿಗೆಗೆಂದು ತವರಿಗೆ ಬಂದ ಅಕ್ಕನ ಮಗಳ ಕೂಸಿಗೆ ಹನ್ನೊಂದು ದಿನ ತುಂಬಿದ ಸಂಜೆ, ದಾವಣಗೆರೆಯ ಆ ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು. ಬೆಂಗಳೂರಿನ ಗೆಳತಿಯರು ಕಳಿಸಿದ ಉಡುಗೊರೆಯ ಪೆಟ್ಟಿಗೆಯಲ್ಲಿ ಕುಲಾವಿ, ಕಾಲುಚೀಲ, ಗಿಲಕಿಗಳ ನಡುವೆ ಸುಮ್ಮನೆ ಚೀಪಲು ಕೊಡುವ ಗುಲಾಬಿ ಬಣ್ಣದ ರಬ್ಬರು, ಅಂದರೆ ಒಂದು ಪ್ಯಾಸಿಫೈಯರ್ ಇತ್ತು. ಸಂಜೆ ಆರಕ್ಕೆ ಶುರುವಾದ ಕೂಸಿನ ರಚ್ಚೆ ಒಂಬತ್ತಾದರೂ ನಿಲ್ಲುತ್ತಿರಲಿಲ್ಲ. ಹಾಲು ಕುಡಿದು ಹತ್ತು ನಿಮಿಷಕ್ಕೆ ಮತ್ತೆ ಬಾಯಿ ಆಡಿಸುತ್ತಿತ್ತು. ತೊಟ್ಟು ಒಡೆದು ನೋಯುತ್ತಿದ್ದ ತಾಯಿಗೆ ಆ ಗುಲಾಬಿ ರಬ್ಬರು ವರದಂತೆ ಕಂಡಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಅವ್ವ ಮಾತ್ರ, "ಹಾಲಿಲ್ಲದ್ದನ್ನು ಬಾಯಿಗಿಟ್ಟು ಕೂಸಿಗೆ ಮೋಸ ಮಾಡಬೇಡ," ಎಂದು ಪಟ್ಟು ಹಿಡಿದಿದ್ದಳು. ಇದೇ ಅವ್ವ ಅಂದು ಬೆಳಿಗ್ಗೆ ಯಾರಿಗೂ ಕಾಣದಂತೆ ಒಳಲೆಯಲ್ಲಿ ಸಕ್ಕರೆ ನೀರು ತಂದು ಸಿಕ್ಕಿಬಿದ್ದಿದ್ದಳು ಎನ್ನುವುದನ್ನೂ ಇಲ್ಲಿ ದಾಖಲಿಸಬೇಕು.

"ಚಿಕ್ಕಮ್ಮಾ, ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನೀನು. ನೀನೇ ಹೇಳು," ಎಂದು ನನ್ನನ್ನು ನಡುವೆ ಎಳೆದರು. ಹೈಸ್ಕೂಲಿನಲ್ಲಿ ಸಸ್ಯದ ಬೇರು, ಕಪ್ಪೆಯ ಹೃದಯ ಕಲಿಸಿದವಳಿಗೆ ಮೊಲೆಯುಣಿಸುವಿಕೆಯ ಶಾಸ್ತ್ರ ಗೊತ್ತಿರಬೇಕೆಂದೇನೂ ಇಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಮೇಷ್ಟ್ರುಗಳ ಜಾಯಮಾನವಲ್ಲ. ಚಿತ್ರದುರ್ಗಕ್ಕೆ ಹಿಂತಿರುಗಿದವಳು ಓದಲು ಕುಳಿತೆ. ಓದಿದ ಮೇಲೆ ಅನ್ನಿಸಿದ್ದು ಇಷ್ಟು: ಅವ್ವನೂ ಅರ್ಧ ಸರಿ, ಅಕ್ಕನ ಮಗಳೂ ಅರ್ಧ ಸರಿ, ಇಬ್ಬರ ನಡುವೆ ಇರುವುದು ಮೂರ್ನಾಲ್ಕು ವಾರಗಳ ಅಂತರ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸೋಣ. ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಹಾಲಿನ ಬಾಟಲಿಯ ತುದಿಗೆ ಸಿಕ್ಕಿಸುವ ರಬ್ಬರಿಗೂ ನಿಪ್ಪಲ್ ಎನ್ನುತ್ತಾರೆ, ಸುಮ್ಮನೆ ಚೀಪಲು ಕೊಡುವ ಈ ಉಂಗುರದ ವಸ್ತುವಿಗೂ ನಿಪ್ಪಲ್ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಬಾಟಲಿಯ ನಿಪ್ಪಲಿನಲ್ಲಿ ತೂತಿದೆ. ಅದರಿಂದ ಹೊಟ್ಟೆಗೆ ಬೇರೆ ಹಾಲು ಹೋಗುತ್ತದೆ, ತಾಯಿಯ ಹಾಲಿನ ಜಾಗವನ್ನು ನೇರವಾಗಿ ಕಸಿಯುತ್ತದೆ. ಅದಕ್ಕಾಗಿಯೇ ಭಾರತದಲ್ಲಿ 1992ರ ಕಾಯ್ದೆಯೊಂದಿದೆ; ಶಿಶು ಹಾಲಿನ ಪುಡಿಗೂ ಹಾಲೂಡಿಸುವ ಬಾಟಲಿಗೂ ಜಾಹೀರಾತು ಕೊಡುವುದನ್ನು ಅದು ನಿಷೇಧಿಸುತ್ತದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಪ್ಯಾಸಿಫೈಯರಿನಲ್ಲಿ ತೂತಿಲ್ಲ. ಅದರಿಂದ ಹೊಟ್ಟೆಗೆ ಏನೂ ಹೋಗುವುದಿಲ್ಲ. ಅದರ ಮೇಲಿರುವ ಅನುಮಾನವೇ ಬೇರೆ ಬಗೆಯದು: ಕೂಸು ಎದೆಯ ಬಳಿ ಕಳೆಯಬೇಕಾದ ಹೊತ್ತನ್ನು ಅದು ಕದಿಯುತ್ತದೆಯೇ ಎಂಬುದು.

ಆ ಹೊತ್ತಿಗೆ ಅಷ್ಟು ಬೆಲೆ ಏಕೆಂದು ತಿಳಿಯಲು ಎದೆಯಲ್ಲಿ ಹಾಲು ಹೇಗೆ ಆಗುತ್ತದೆ ಎಂಬುದನ್ನು ನೋಡಬೇಕು. ನಮ್ಮಲ್ಲಿ ಬಹಳ ಜನ ಎದೆಯನ್ನು ಕೆರೆಯಂತೆ ಊಹಿಸುತ್ತಾರೆ. ತುಂಬಲು ಹೊತ್ತು ಕೊಡಬೇಕು, ತುಂಬಿದ ಮೇಲೆ ಬಿಡಬೇಕು, ಪದೇ ಪದೇ ಕುಡಿಸಿದರೆ ಬರಿದಾಗುತ್ತದೆ ಎಂಬ ಲೆಕ್ಕ. "ಎರಡು ತಾಸು ಬಿಡು, ಹಾಲು ತುಂಬಿಕೊಳ್ಳಲಿ" ಎಂಬ ಬುದ್ಧಿವಾದ ಹುಟ್ಟುವುದು ಈ ಲೆಕ್ಕದಿಂದಲೇ. ಆದರೆ ಎದೆ ಕೆರೆಯಲ್ಲ, ಒರತೆ. ಬೇಸಿಗೆಯಲ್ಲಿ ವೇದಾವತಿಯ ಒಣ ಮರಳಿನಲ್ಲಿ ಒರತೆ ತೋಡುವುದನ್ನು ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಮೊದಲು ಬೊಗಸೆಯಷ್ಟು ನೀರು ಜಿನುಗುತ್ತದೆ. ಮೊಗೆದಂತೆಲ್ಲ ಬರುತ್ತದೆ, ಮೊಗೆಯದೆ ಬಿಟ್ಟರೆ ಮರಳು ಕುಸಿದು ಮುಚ್ಚಿಕೊಳ್ಳುತ್ತದೆ.

ದೇಹದ ಒಳಗೆ ನಡೆಯುವುದು ಹೀಗೆ. ಹೆರಿಗೆಯಾಗಿ ಮಾಸು ಹೊರಬಿದ್ದ ಕೂಡಲೇ ರಕ್ತದಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಆ ತಡೆ ಸರಿದ ಮೇಲೆ ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ಇಳಿಯುತ್ತದೆ. ಇಲ್ಲಿಯವರೆಗೆ ಕೆಲಸವೆಲ್ಲ ಹಾರ್ಮೋನಿನದು. ಅಲ್ಲಿಂದಾಚೆಗೆ ಎಷ್ಟು ಹಾಲು ಆಗಬೇಕು ಎಂಬುದನ್ನು ತೀರ್ಮಾನಿಸುವುದು ಕೂಸಿನ ಬಾಯಿ. ಅದು ಚೀಪಿದಾಗಲೆಲ್ಲ ತಾಯಿಯ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಬಿಡುಗಡೆಯಾಗಿ ಹಾಲು ತಯಾರಾಗುತ್ತದೆ. ಆಕ್ಸಿಟೋಸಿನ್ ಬಿಡುಗಡೆಯಾಗಿ ತಯಾರಾದ ಹಾಲು ತೊಟ್ಟಿಗೆ ಇಳಿಯುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿಯ ಹೊತ್ತು ಹೆಚ್ಚು. ರಾತ್ರಿ ಎರಡು ಗಂಟೆಗೆ ಎದ್ದು ಕುಡಿಸುವ ತಾಯಿ ಮರುದಿನದ ಹಾಲಿಗೂ ಬಿತ್ತನೆ ಮಾಡುತ್ತಿರುತ್ತಾಳೆ. ಇನ್ನೊಂದು ಏರ್ಪಾಡು ಎದೆಯೊಳಗೇ ಇದೆ. ಕುಡಿಯದೆ ಉಳಿದ ಹಾಲು ತಾನೇ ಮುಂದಿನ ತಯಾರಿಕೆಯನ್ನು ನಿಧಾನಗೊಳಿಸುತ್ತದೆ. ಒಂದೇ ತಾಯಿಯ ಒಂದು ಎದೆ ಚೆನ್ನಾಗಿ ಖಾಲಿಯಾಗುತ್ತ ಇನ್ನೊಂದು ತುಂಬಿಯೇ ಇದ್ದರೆ, ಖಾಲಿಯಾದದ್ದರಲ್ಲಿ ಹಾಲು ಹೆಚ್ಚುತ್ತದೆ, ತುಂಬಿದ್ದರಲ್ಲಿ ಇಳಿಯುತ್ತದೆ. ಒರತೆ ಎಂದದ್ದು ಅಲಂಕಾರಕ್ಕಲ್ಲ.

ನನ್ನ ಮಟ್ಟಿಗೆ ಇಡೀ ಜಗಳದ ಕೀಲಿ ಮುಂದಿನ ಅಂಕಿಯಲ್ಲಿದೆ. ಮೊದಲ ದಿನ ಒಂದು ಸಲಕ್ಕೆ ಕೆಲವೇ ಮಿಲಿಲೀಟರ್ ಇರುವ ಹಳದಿ ಮೊದಲ ಹಾಲು, ಒಂದು ತಿಂಗಳ ಹೊತ್ತಿಗೆ ದಿನಕ್ಕೆ ಸುಮಾರು 750 ಮಿಲಿಲೀಟರಿಗೆ ಏರುತ್ತದೆ. ಅಲ್ಲಿಂದ ಆರು ತಿಂಗಳವರೆಗೆ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಅಂದರೆ ಒರತೆಯನ್ನು ಎಷ್ಟು ಆಳಕ್ಕೆ ತೋಡಬೇಕು ಎಂಬುದು ಬಹುಪಾಲು ಮೊದಲ ತಿಂಗಳಲ್ಲೇ ತೀರ್ಮಾನವಾಗುತ್ತದೆ. ಆ ತಿಂಗಳಲ್ಲಿ ಕೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆಗೆ ಬರುತ್ತದೆ. ಅದರಲ್ಲಿ ಎರಡು ಸಲದ ಬಾಯಾಡಿಸುವಿಕೆಯನ್ನು ರಬ್ಬರು ನುಂಗಿದರೆ, ಹಾಲಿಗೆ ಹೋಗಬೇಕಾದ ಬೇಡಿಕೆಯ ಐದನೆಯ ಒಂದು ಪಾಲು ತಲುಪಲೇ ಇಲ್ಲ ಎಂದಾಯಿತು. ಹಾಲು ಕಡಿಮೆಯಾಗುತ್ತದೆ, ಕೂಸು ಇನ್ನೂ ಅಳುತ್ತದೆ, "ತಾಯಿಗೆ ಹಾಲು ಸಾಲದು" ಎಂದು ಯಾರೋ ಡಬ್ಬಿ ತರುತ್ತಾರೆ. ಡಬ್ಬಿಯ ಹಾಲು ಕುಡಿದ ಕೂಸು ಎದೆಗೆ ಇನ್ನೂ ಕಡಿಮೆ ಬರುತ್ತದೆ. ಈ ಸುಳಿಗೆ ಸಿಕ್ಕವರು ಹೊರಬರುವುದು ಕಷ್ಟ.

ಹಾಗಾದರೆ ಸಂಜೆಯ ಆ ಮೂರು ತಾಸಿನ ರಚ್ಚೆ ಏನು? ಅದು ರೋಗವಲ್ಲ, ತಾಯಿಯ ಹಾಲು ಒಣಗಿದ ಗುರುತೂ ಅಲ್ಲ. ಎಳೆಗೂಸುಗಳು ಸಂಜೆಯ ಹೊತ್ತು ಒಂದರ ಹಿಂದೊಂದು ಹಾಲೂಟ ಕೇಳುವುದು ಎಲ್ಲ ಕಡೆಯ ತಾಯಂದಿರಿಗೂ ಗೊತ್ತಿರುವ ಸಂಗತಿ. ಕೂಸುಗಳ ಅಳು ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ತುದಿಗೇರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ದೃಷ್ಟಿ ತೆಗೆದರೂ ಇಳಿಯುತ್ತದೆ, ತೆಗೆಯದಿದ್ದರೂ ಇಳಿಯುತ್ತದೆ. ಅವ್ವನ ಮೆಣಸಿನಕಾಯಿ ಉಪ್ಪಿನ ನಿವಾಳಿಗೆ ನನ್ನ ಆಕ್ಷೇಪವಿಲ್ಲ, ಹೊಗೆ ಕೂಸಿನ ಮೂಗಿಗೆ ಬಾರದಿದ್ದರೆ ಸಾಕು.

ಅಳುವಿಗೆ ಮೊದಲೇ ಕೂಸು ಹಸಿವನ್ನು ಹೇಳುತ್ತದೆ ಎಂಬುದನ್ನು ನಾನೂ ಈಚೆಗಷ್ಟೇ ಗಮನಿಸಿ ನೋಡಿದೆ. ನಿದ್ದೆಯಲ್ಲೇ ಕಣ್ಣುಗುಡ್ಡೆ ಆಡುತ್ತದೆ, ತುಟಿ ಚಪ್ಪರಿಸುತ್ತದೆ, ಮುಷ್ಟಿ ಬಾಯಿಗೆ ಹೋಗುತ್ತದೆ, ಕೆನ್ನೆಗೆ ಬಟ್ಟೆ ತಾಗಿದರೂ ಆ ಕಡೆಗೆ ಬಾಯಿ ತೆರೆದು ತಿರುಗುತ್ತದೆ. ಅಳು ಕೊನೆಯ ಮಾತು. ಅತ್ತು ಕೆಂಪಾದ ಕೂಸನ್ನು ಎದೆಗೆ ಹಿಡಿಸುವುದು ತಾಯಿಗೂ ಕಷ್ಟ, ಕೂಸಿಗೂ ಕಷ್ಟ. ಬಾಯಲ್ಲಿ ಪ್ಯಾಸಿಫೈಯರ್ ಇದ್ದರೆ ಮೊದಲ ಮಾತುಗಳಲ್ಲಿ ಅರ್ಧ ಕಾಣುವುದೇ ಇಲ್ಲ. ಚಪ್ಪರಿಕೆಯೆಲ್ಲ ರಬ್ಬರಿನ ಹಿಂದೆ ಅಡಗಿಬಿಡುತ್ತದೆ. ಮೊದಲ ವಾರದಲ್ಲಿ ಕಾಮಾಲೆಯ ಹಳದಿ ಇರುವ ಮಂಪರಿನ ಕೂಸುಗಳ ವಿಷಯದಲ್ಲಿ ಇದು ನಿಜಕ್ಕೂ ಅಪಾಯ. ಚೀಪುತ್ತ ಮಲಗಿದ ಕೂಸು ಒಂದೆರಡು ಹಾಲೂಟ ತಪ್ಪಿಸಿಕೊಂಡರೆ ಮೈಯಲ್ಲಿ ಹಾಲು ಸಾಲದೆ ಹಳದಿ ಇನ್ನೂ ಏರಬಹುದು.

ಚೀಪುವುದೇ ತಪ್ಪು ಎಂದೇನಲ್ಲ. ಕೂಸು ಗರ್ಭದಲ್ಲೇ ಬೆರಳು ಚೀಪುತ್ತದೆ, ಸ್ಕ್ಯಾನಿಂಗ್‌ನಲ್ಲಿ ನೋಡಿದವರಿದ್ದಾರೆ. ಹುಟ್ಟಿದ ಮೇಲೆ ಅದರ ಚೀಪುವಿಕೆಯಲ್ಲಿ ಎರಡು ಲಯಗಳಿವೆ. ಹಾಲು ಬರುತ್ತಿರುವಾಗ ಸೆಕೆಂಡಿಗೆ ಸುಮಾರು ಒಂದು ಸಲ, ನಿಧಾನ, ಆಳ, ನಡುವೆ ಗುಟುಕಿನ ಸದ್ದು. ಹಾಲಿಲ್ಲದೆ ಸುಮ್ಮನೆ ಚೀಪುವಾಗ ಸೆಕೆಂಡಿಗೆ ಸುಮಾರು ಎರಡು ಸಲ, ಮೇಲುಮೇಲಕ್ಕೆ, ಗುಟುಕಿಲ್ಲ. ಎರಡನೆಯದು ಸಮಾಧಾನಕ್ಕಾಗಿ. ಅಕ್ಕನ ಮಗಳಿಗೆ ನಾನು ಕಲಿಸಿದ ಒಂದೇ ಒಂದು ಹೊಸ ವಿದ್ಯೆ ಎಂದರೆ ಈ ಗುಟುಕನ್ನು ಕೇಳುವುದು. ಎರಡೇ ದಿನಕ್ಕೆ ಅವಳ ಕಿವಿ ಪಳಗಿತು. "ಈಗ ಕುಡಿಯುತ್ತಿದ್ದಾಳೆ, ಈಗ ಆಟ," ಎಂದು ಕತ್ತಲಲ್ಲೇ ಹೇಳತೊಡಗಿದಳು.

ಚೀಪುವ ಬಗೆಯಲ್ಲೂ ವ್ಯತ್ಯಾಸವಿದೆ. ಎದೆಗೆ ಸರಿಯಾಗಿ ಹತ್ತಿದ ಕೂಸಿನ ಬಾಯಿ ಅಗಲವಾಗಿ ತೆರೆದಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗಿರುತ್ತದೆ, ಗದ್ದ ಎದೆಗೆ ಒತ್ತಿರುತ್ತದೆ. ಪ್ಯಾಸಿಫೈಯರಿಗೆ ತುಟಿ ಮುಚ್ಚಿ ಹಿಡಿದರೆ ಸಾಕು. ಆ ಅಭ್ಯಾಸವನ್ನೇ ಕೂಸು ಎದೆಗೂ ತಂದರೆ ಬರಿಯ ತೊಟ್ಟು ಜಗಿದಂತಾಗಿ ಒಡೆಯುತ್ತದೆ ಎಂಬ ಅನುಮಾನ ಬಹಳ ಹಳೆಯದು. ಆದರೆ ನಮ್ಮ ಮನೆಯಲ್ಲಿ ಪ್ಯಾಸಿಫೈಯರ್ ಇನ್ನೂ ಪೆಟ್ಟಿಗೆಯಲ್ಲಿರುವಾಗಲೇ ತೊಟ್ಟು ಒಡೆದಿತ್ತು. ಕಾರಣ ಕೂಸನ್ನು ಹಿಡಿಯುವ ಭಂಗಿ. ನೋವಿನ ಮೂಲ ಅಲ್ಲಿದ್ದಾಗ ರಬ್ಬರು ಕೊಟ್ಟರೆ ನೋವು ಮುಚ್ಚಿಕೊಳ್ಳುತ್ತದೆ, ಭಂಗಿ ಹಾಗೆಯೇ ಉಳಿಯುತ್ತದೆ.

ಇನ್ನು ಅಧ್ಯಯನಗಳು. ಇಲ್ಲಿ ನನಗೆ ಖುಷಿ ಹೆಚ್ಚು. ಏಕೆಂದರೆ ಮಕ್ಕಳಿಗೆ ವರ್ಷವರ್ಷವೂ ಹೇಳಿ ಸೋತ ಒಂದು ಪಾಠ ಇಲ್ಲಿ ಎದ್ದು ನಿಂತಿದೆ. ನಮ್ಮ ಜಿಲ್ಲೆಯಲ್ಲಿ ಯಾವ ಊರಿನಲ್ಲಿ ನೀರಿನ ಕೊರತೆ ಹೆಚ್ಚೋ ಆ ಊರಿನಲ್ಲಿ ಕೊಳವೆಬಾವಿಗಳೂ ಹೆಚ್ಚು. ಕೊಳವೆಬಾವಿ ಕೊರೆದದ್ದಕ್ಕೆ ಅಂತರ್ಜಲ ಹೋಯಿತೋ, ಅಂತರ್ಜಲ ಹೋದದ್ದಕ್ಕೆ ಕೊಳವೆಬಾವಿ ಕೊರೆದರೋ? ಎರಡೂ ಇರಬಹುದು. ಬರಿಯ ಎಣಿಕೆ ನೋಡಿ ತೀರ್ಪು ಕೊಡಲಾಗದು. ಪ್ಯಾಸಿಫೈಯರಿನ ಕತೆಯೂ ಹೀಗೆಯೇ. ದೇಶ ದೇಶಗಳಲ್ಲಿ ಎಣಿಸಿ ನೋಡಿದವರಿಗೆ ಕಂಡದ್ದು ಒಂದೇ: ಪ್ಯಾಸಿಫೈಯರ್ ಬಳಸುವ ಕೂಸುಗಳು ಬೇಗ ಎದೆಹಾಲು ಬಿಡುತ್ತವೆ. ರಬ್ಬರಿನಿಂದ ಹಾಲು ಬಿಟ್ಟವೋ, ಹಾಲೂಡಿಕೆಯಲ್ಲಿ ಮೊದಲೇ ತೊಡಕಿದ್ದವರು ರಬ್ಬರಿನ ಮೊರೆ ಹೋದರೋ?

ಬ್ರೆಜಿಲ್‌ನ ಪೆಲೋಟಾಸ್ ನಗರದಲ್ಲಿ ಸಂಶೋಧಕರು ನೂರಾರು ತಾಯಂದಿರನ್ನು ಹಿಂಬಾಲಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಕಿಯಷ್ಟಕ್ಕೇ ತೃಪ್ತರಾಗದೆ 80 ತಾಯಂದಿರ ಮನೆಗಳಿಗೆ ಹೋಗಿ ಕುಳಿತು ಮಾತಾಡಿಸಿದ್ದು ಅವರ ಹೆಚ್ಚುಗಾರಿಕೆ. ಅಲ್ಲಿ ಕಂಡದ್ದು ಹೀಗೆ: ಹಾಲೂಡಿಸುವುದರಲ್ಲಿ ಧೈರ್ಯವಿದ್ದ ತಾಯಂದಿರಿಗೆ ಪ್ಯಾಸಿಫೈಯರಿನಿಂದ ಹೆಚ್ಚು ತೊಂದರೆಯಾಗಲಿಲ್ಲ. ತಮ್ಮ ಹಾಲಿನ ಬಗ್ಗೆಯೇ ಅಳುಕಿದ್ದವರು, ಹೊತ್ತಿಗೆ ಸರಿಯಾಗಿಯೇ ಕುಡಿಸಬೇಕೆಂದು ಹಟ ಹಿಡಿದವರು, ಹಾಲೂಟಗಳ ನಡುವಿನ ಅಂತರ ಹಿಗ್ಗಿಸಲು ಅದನ್ನು ಬಳಸಿ, ಬೇಗ ಎದೆ ಬಿಡಿಸಿದ್ದರು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಇನ್ನೂ ಅಚ್ಚುಕಟ್ಟಾಗಿ ಪರೀಕ್ಷಿಸಿದರು. 281 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ಯಾಸಿಫೈಯರ್ ಬಿಟ್ಟು ಬೇರೆ ರೀತಿಯಲ್ಲಿ ಸಮಾಧಾನ ಮಾಡಿರೆಂದು ತಿಳಿಹೇಳಿದರು, ಇನ್ನೊಂದಕ್ಕೆ ಆ ಮಾತು ಹೇಳಲಿಲ್ಲ. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳೊಳಗೆ ಎದೆಹಾಲು ಬಿಟ್ಟವರು ಒಂದು ಗುಂಪಿನಲ್ಲಿ ಶೇ 18.9, ಇನ್ನೊಂದರಲ್ಲಿ ಶೇ 18.3. ವ್ಯತ್ಯಾಸವೇ ಇಲ್ಲ. ಅದೇ ತಾಯಂದಿರನ್ನು ಗುಂಪು ಮರೆತು, ಯಾರು ಪ್ಯಾಸಿಫೈಯರ್ ಕೊಟ್ಟರು ಯಾರು ಕೊಡಲಿಲ್ಲ ಎಂದಷ್ಟೇ ನೋಡಿದರೆ ಹಳೆಯ ನಂಟು ಗಟ್ಟಿಯಾಗಿ ಕಾಣುತ್ತಿತ್ತು. ಒಂದೇ ಮಾಹಿತಿ, ಎರಡು ಬಗೆಯ ಎಣಿಕೆ, ಎರಡು ಉತ್ತರ. ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ಉದಾಹರಣೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಅರ್ಜೆಂಟೀನಾದಲ್ಲಿ 1021 ತಾಯಂದಿರೊಂದಿಗೆ ನಡೆದು 2009ರಲ್ಲಿ ಹೊರಬಂದ ಪ್ರಯೋಗದಲ್ಲೂ ಹಾಗೆಯೇ: ಮೂರು ತಿಂಗಳಿಗೆ ಬರಿಯ ಎದೆಹಾಲಿನ ಮೇಲಿದ್ದ ಕೂಸುಗಳು ಎರಡೂ ಗುಂಪಿನಲ್ಲಿ ಸುಮಾರು ಶೇ 86. ಈ ಎರಡು ಪ್ರಯೋಗಗಳನ್ನು ಕೂಡಿಸಿದರೆ 1302 ಕೂಸುಗಳು. ವೈದ್ಯಕೀಯ ಪ್ರಯೋಗಗಳನ್ನು ಜಾಲಾಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ ನಿಂತಿರುವುದು ಇವುಗಳ ಮೇಲೆಯೇ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ, ಹಾಲೂಡಿಸುವ ಮನಸ್ಸು ಗಟ್ಟಿಯಿರುವ ತಾಯಿ ಪ್ಯಾಸಿಫೈಯರ್ ಕೊಟ್ಟರೆ, ನಾಲ್ಕು ತಿಂಗಳವರೆಗಿನ ಎದೆಹಾಲಿಗೆ ಗಮನಾರ್ಹ ಕುಂದಿಲ್ಲ ಎಂಬುದು ಅದರ ತೀರ್ಮಾನ.

ಇಷ್ಟು ಓದಿ ಅಕ್ಕನ ಮಗಳ ಪಕ್ಷವೇ ಗೆದ್ದಿತು ಎನ್ನುವವರು ಸ್ವಲ್ಪ ತಡೆಯಬೇಕು. ಅರ್ಜೆಂಟೀನಾದ ತಾಯಂದಿರಿಗೆ ಪ್ಯಾಸಿಫೈಯರ್ ಸಿಕ್ಕಿದ್ದು ಹದಿನೈದು ದಿನವಾದ ಮೇಲೆ, ಅದೂ ಹಾಲೂಡಿಕೆ ಸರಾಗವಾದ ಮೇಲೆ. ಅಮೆರಿಕದ ರಾಚೆಸ್ಟರ್ ನಗರದಲ್ಲಿ 700 ಕೂಸುಗಳೊಂದಿಗೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗ ಕೇಳಿದ್ದು ಹೊತ್ತಿನ ಪ್ರಶ್ನೆಯನ್ನೇ. ಎರಡರಿಂದ ಐದನೆಯ ದಿನದೊಳಗೆ ಪ್ಯಾಸಿಫೈಯರ್ ಕೊಟ್ಟ ಗುಂಪಿನಲ್ಲಿ, ನಾಲ್ಕು ವಾರ ಕಾದು ಕೊಟ್ಟ ಗುಂಪಿಗಿಂತ, ಒಂದು ತಿಂಗಳಿಗೆ ಬರಿಯ ಎದೆಹಾಲಿನ ಮೇಲಿದ್ದ ಕೂಸುಗಳು ಕಡಿಮೆ. ಒರತೆ ತೋಡುವ ತಿಂಗಳಿಗೂ ಈ ಫಲಿತಾಂಶಕ್ಕೂ ಹೊಂದಿಕೆಯಾಗುವುದನ್ನು ನೋಡಿ ನನ್ನ ಅನುಮಾನ ಹೆಚ್ಚುಕಡಿಮೆ ಹೋಯಿತು. ಹನ್ನೊಂದನೆಯ ದಿನದ ಮಟ್ಟಿಗೆ ಅವ್ವ ಗೆದ್ದಳು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೂಡ ಈ ದಾರಿಯಲ್ಲೇ ನಡೆದಿವೆ. 1989ರಲ್ಲಿ ಅವು ಹೆರಿಗೆ ಆಸ್ಪತ್ರೆಗಳಿಗೆ ಹತ್ತು ಸೂತ್ರ ಬರೆದಾಗ ಒಂಬತ್ತನೆಯದು ಖಡಾಖಂಡಿತವಾಗಿತ್ತು: ಎದೆಹಾಲು ಕುಡಿಯುವ ಕೂಸಿಗೆ ನಿಪ್ಪಲನ್ನಾಗಲಿ ಪ್ಯಾಸಿಫೈಯರನ್ನಾಗಲಿ ಕೊಡಕೂಡದು. 2018ರಲ್ಲಿ ತಿದ್ದಿ ಬರೆದಾಗ ಅದು, ಬಾಟಲಿ, ನಿಪ್ಪಲ್, ಪ್ಯಾಸಿಫೈಯರ್‌ಗಳ ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಿಗೆ ತಿಳಿಹೇಳಿ ಎಂದಾಯಿತು. ನಿಷೇಧದಿಂದ ಸಮಾಲೋಚನೆಗೆ ಬಂದ ಈ ಬದಲಾವಣೆ ನನಗೆ ಹಿಡಿಸಿತು. ಬರಿಯ ನಿಷೇಧ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಒರೆಗಾನ್ ರಾಜ್ಯದಿಂದ 2013ರಲ್ಲಿ ಬಂದ ವರದಿಯೊಂದಿದೆ. ಅಲ್ಲಿನ ಒಂದು ಆಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಪ್ಯಾಸಿಫೈಯರುಗಳನ್ನು ಬೀಗ ಹಾಕಿ ಇಟ್ಟರು. ಎದೆಹಾಲು ಹೆಚ್ಚುತ್ತದೆಂದು ಕಾದವರಿಗೆ ಕಂಡದ್ದು, ಬರಿಯ ಎದೆಹಾಲು ಕುಡಿದ ಕೂಸುಗಳು ಶೇ 79ರಿಂದ 68ಕ್ಕೆ ಇಳಿದದ್ದು. ಡಬ್ಬಿ ಹಾಲಿನ ಬಳಕೆ ಏರಿತ್ತು. ಹಿಂದೆ ಮುಂದೆ ಎಣಿಸಿ ನೋಡಿದ ಲೆಕ್ಕ ಇದು, ಹಾಗಾಗಿ ಇದರ ಮೇಲೆ ಪೂರ್ತಿ ಭಾರ ಹಾಕಲಾರೆ. ಆದರೂ ಅಳುವ ಕೂಸನ್ನು ಕೈಗೆ ಕೊಟ್ಟು, ರಬ್ಬರನ್ನು ಕಸಿದುಕೊಂಡು, ಬೇರೆ ಆಸರೆ ಏನೂ ಕೊಡದಿದ್ದರೆ ತಾಯಿ ಮುಂದೇನು ಮಾಡುತ್ತಾಳೆ ಎಂದು ಊಹಿಸುವುದು ಕಷ್ಟವಲ್ಲ.

ನಮ್ಮ ಸೀಮೆಯಲ್ಲಿ ಆ ಆಸರೆಯ ಹೆಸರು ಬಾಣಂತನ. ಮೂರು ತಿಂಗಳು, ಐದು ತಿಂಗಳು ತವರಿನಲ್ಲಿರುವ ಮಗಳಿಗೆ ಎಣ್ಣೆನೀರು ಹಾಕುವವರು, ಊಟ ಕೊಡುವವರು, ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡುವವರು ಇರುತ್ತಾರೆ. ಸಂಜೆಯ ಮೂರು ತಾಸನ್ನು ಮೂವರು ಹಂಚಿಕೊಂಡರೆ ರಬ್ಬರಿನ ನೆನಪೂ ಬರುವುದಿಲ್ಲ. ಆದರೆ ಎಲ್ಲರಿಗೂ ತವರಿಲ್ಲ. ಹತ್ತಿ ಗಿರಣಿಗಳ ಕಾಲ ಮುಗಿದ ಮೇಲೂ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗೆ ಹೋಗುವ, ಕಟ್ಟಡದ ಕೆಲಸಕ್ಕೆ ಹೋಗುವ ತಾಯಂದಿರಿದ್ದಾರೆ. 2017ರ ತಿದ್ದುಪಡಿಯ 26 ವಾರಗಳ ಹೆರಿಗೆ ರಜೆ ಅಕ್ಕನ ಮಗಳ ಕಚೇರಿಯಲ್ಲಿ ಸಿಗುತ್ತದೆ, ದಿನಗೂಲಿಯಲ್ಲಿ ಸಿಗುವುದಿಲ್ಲ. ಒಂಟಿಯಾಗಿ ಎರಡು ಮಕ್ಕಳನ್ನು ಸಂಭಾಳಿಸುವ ತಾಯಿ ಎರಡನೆಯ ತಿಂಗಳಲ್ಲಿ ಕೂಸಿಗೆ ಹೊಟ್ಟೆ ತುಂಬಿಸಿ ಅರ್ಧ ಗಂಟೆ ಪ್ಯಾಸಿಫೈಯರ್ ಕೊಟ್ಟಳೆಂದರೆ ಅವಳಿಗೆ ಪಾಠ ಹೇಳುವ ಹಕ್ಕು ನನಗಿಲ್ಲ. ಕೆಲಸಕ್ಕೆ ಹೋಗುವವರು ಹಾಲು ಹಿಂಡಿಟ್ಟು ಹೋದರೆ ಬಾಟಲಿಗಿಂತ ನಮ್ಮ ಒಳಲೆಯೇ ಮೇಲು. ಕುದಿಸಿ ತೊಳೆಯಲು ಸುಲಭ. ಅವ್ವನ ಒಳಲೆಗೆ ನನ್ನ ವಿರೋಧವಿದ್ದದ್ದು ಅದರೊಳಗಿನ ಸಕ್ಕರೆ ನೀರಿಗೆ ಮಾತ್ರ. ಏಪ್ರಿಲಿನ ದಾವಣಗೆರೆಯ ಬಿಸಿಲಿಗೂ ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಡ, ಎದೆಹಾಲಿನಲ್ಲಿ ನೂರಕ್ಕೆ 87ಕ್ಕೂ ಹೆಚ್ಚು ಪಾಲು ನೀರೇ ಇದೆ.

ಪ್ಯಾಸಿಫೈಯರೇ ಔಷಧಿಯಾಗುವ ಸಂದರ್ಭವೂ ಒಂದಿದೆ. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಹೊಂದುವುದು ಸುಮಾರು 34ನೆಯ ವಾರಕ್ಕೆ. ಅಲ್ಲಿಯವರೆಗೆ ಮೂಗಿನ ನಳಿಕೆಯಲ್ಲಿ ಹಾಲು ಹೋಗುತ್ತಿರುವಾಗ ಬಾಯಿಗೆ ಸುಮ್ಮನೆ ಚೀಪಲು ಕೊಟ್ಟರೆ, ನಳಿಕೆಯಿಂದ ಬಾಯಿಯ ಊಟಕ್ಕೆ ಬೇಗ ಬರುತ್ತವೆ, ಆಸ್ಪತ್ರೆಯಿಂದಲೂ ಬೇಗ ಮನೆಗೆ ಹೋಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಸೂಜಿ ಚುಚ್ಚುವಾಗಿನ ನೋವನ್ನೂ ಚೀಪುವಿಕೆ ತಗ್ಗಿಸುತ್ತದೆ. ತಾಯಿ ಹತ್ತಿರವಿದ್ದರೆ ಲಸಿಕೆಯ ಹೊತ್ತಿಗೆ ಎದೆಗೇ ಹಾಕಿಕೊಳ್ಳಬಹುದು. ಶಿಶು ತೀವ್ರ ನಿಗಾ ಘಟಕದಲ್ಲಿ ದಾದಿ ಕೂಸಿನ ಬಾಯಿಗೆ ಪ್ಯಾಸಿಫೈಯರ್ ಇಟ್ಟರೆ ಗಾಬರಿಪಡಬೇಕಾಗಿಲ್ಲ.

ಇನ್ನೊಂದು ವಾದವನ್ನು ಅಕ್ಕನ ಮಗಳೇ ಮೊಬೈಲ್‌ನಲ್ಲಿ ತೋರಿಸಿದಳು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಿಂದ, ಕೂಸನ್ನು ಮಲಗಿಸುವಾಗ ಪ್ಯಾಸಿಫೈಯರ್ ಕೊಡುವುದನ್ನು ಯೋಚಿಸಿ ಎನ್ನುತ್ತಿದೆ. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಹೋಗುವ ಹಠಾತ್ ಶಿಶುಮರಣ ಪ್ಯಾಸಿಫೈಯರ್ ಬಳಸುವ ಕೂಸುಗಳಲ್ಲಿ ಕಡಿಮೆ ಕಂಡದ್ದು ಅದಕ್ಕೆ ಕಾರಣ. ಆ ಸಲಹೆಯನ್ನು ಕೊನೆಯವರೆಗೂ ಓದಬೇಕು. ಎದೆಹಾಲು ಕುಡಿಯುವ ಕೂಸಿಗೆ ಹಾಲೂಡಿಕೆ ಗಟ್ಟಿಯಾಗಿ ನೆಲೆಗೊಂಡ ಮೇಲೆ ಮಾತ್ರ ಕೊಡಿ, ಬೇಡವೆಂದರೆ ಒತ್ತಾಯಿಸಬೇಡಿ, ನಿದ್ದೆಯಲ್ಲಿ ಬಾಯಿಂದ ಬಿದ್ದರೆ ಮತ್ತೆ ತುರುಕಬೇಡಿ ಎಂದೂ ಅದರಲ್ಲೇ ಇದೆ. ಎದೆಹಾಲು ತಾನೇ ಆ ಅಪಾಯವನ್ನು ತಗ್ಗಿಸುತ್ತದೆ. ಕೂಸನ್ನು ಅಂಗಾತ ಮಲಗಿಸುವುದು, ಅದರ ಹತ್ತಿರ ಬೀಡಿ ಸಿಗರೇಟು ಸೇದದಿರುವುದು, ಮುಖದ ಸುತ್ತ ಮೆತ್ತನೆಯ ದಿಂಬು ಕೌದಿ ಇಡದಿರುವುದು ಇದಕ್ಕಿಂತ ಮೊದಲು ಬರಬೇಕಾದವು.

ಕೊಡುವುದೇ ಆದರೆ ಹೇಗೆ? ತಿಂಗಳು ತುಂಬಲಿ. ಕೂಸು ಹುಟ್ಟಿದಾಗಿನ ತೂಕವನ್ನು ಎರಡು ವಾರದೊಳಗೆ ಮರಳಿ ಪಡೆದಿರಲಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಲಂಗೋಟಿಯಾದರೂ ಚೆನ್ನಾಗಿ ಒದ್ದೆಯಾಗುತ್ತಿರಲಿ. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಅಳುವಿಗಿಂತ ಲಂಗೋಟಿಯನ್ನು ನಂಬಬೇಕು. ಮೊದಲು ಎದೆ, ಆಮೇಲೆ ರಬ್ಬರು. ಹಸಿವನ್ನು ಮುಂದೂಡಲು ಅದನ್ನು ಬಳಸಬಾರದು. ಜೇನು, ಬೆಲ್ಲದ ಪಾಕದಲ್ಲಿ ಅದ್ದಿ ಕೊಡುವ ಅಭ್ಯಾಸ ಬೇಡವೇ ಬೇಡ. ಜೇನಿನಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳನ್ನು ವರ್ಷದೊಳಗಿನ ಕೂಸಿನ ಕರುಳು ತಡೆಯಲಾರದು, ಅದು ಸ್ನಾಯುಗಳನ್ನು ಸೋಲಿಸುವ ಕಾಯಿಲೆ. ಕೊರಳಿಗೆ ಕಪ್ಪು ದಾರದಲ್ಲಿ ಪ್ಯಾಸಿಫೈಯರನ್ನು ಕಟ್ಟಿದ ಕೂಸೊಂದನ್ನು ಬಸ್ ನಿಲ್ದಾಣದಲ್ಲಿ ನೋಡಿ ಜೀವ ಝಲ್ಲೆಂದಿತ್ತು. ತೊಟ್ಟಿಲಿನಲ್ಲಿ ಆ ದಾರ ಎಲ್ಲಿಗಾದರೂ ಸಿಕ್ಕಿಕೊಂಡರೆ ಉರುಳಾಗುತ್ತದೆ. ಉಡಿದಾರಕ್ಕೂ ಕಟ್ಟಬಾರದು. ನೆಲಕ್ಕೆ ಬಿದ್ದದ್ದನ್ನು ಸೆರಗಿನಲ್ಲಿ ಒರೆಸಿ ಕೊಡುವುದಕ್ಕಿಂತ, ಎರಡು ಇಟ್ಟುಕೊಂಡು ಒಂದನ್ನು ಕುದಿಸುತ್ತಿರುವುದು ಒಳ್ಳೆಯದು. ಬಾಯೊಳಗೆ ಬಿಳಿ ಪದರ ಕಟ್ಟುವ ಅಗ್ರ ಎಂಬ ಸೋಂಕು ಬಂದರೆ ಕೂಸಿನ ಬಾಯಿಯ ಜೊತೆಗೆ ತಾಯಿಯ ತೊಟ್ಟನ್ನೂ ವೈದ್ಯರಿಗೆ ತೋರಿಸಬೇಕು.

ಆರು ತಿಂಗಳಾದ ಮೇಲೆ ಕಡಿಮೆ ಮಾಡುತ್ತ ಬರಬೇಕು, ಏಕೆಂದರೆ ಕಿವಿಯ ಸೋಂಕು ಕಾದಿರುತ್ತದೆ. ಫಿನ್ಲೆಂಡಿನಲ್ಲಿ ಪ್ಯಾಸಿಫೈಯರ್ ಕಡಿಮೆ ಮಾಡುವಂತೆ ತಾಯಂದಿರಿಗೆ ತಿಳಿಹೇಳಿದ ಕಡೆಗಳಲ್ಲಿ ನಡುಗಿವಿಯ ಸೋಂಕು ಶೇ 29ರಷ್ಟು ಇಳಿಯಿತು. ಎರಡು ಮೂರು ವರ್ಷದ ಮೇಲೂ ಬಿಡದಿದ್ದರೆ ಹಲ್ಲಿನ ಸಾಲು ಕೆಡುತ್ತದೆ. ಅಷ್ಟು ದೊಡ್ಡ ಮಕ್ಕಳ ಬಾಯಿಂದ ಬಿಡಿಸುವ ಪಾಡು ಬೇರೆಯದೇ ಲೇಖನ ಕೇಳುತ್ತದೆ.

ಎರಡನೆಯ ಮಗು ಈಗಲೇ ಬೇಡವೆಂದು ಬರಿಯ ಹಾಲೂಡಿಕೆಯನ್ನೇ ನೆಚ್ಚಿಕೊಂಡವರಿಗೆ ಒಂದು ಮಾತು. ಆ ರಕ್ಷಣೆ ಇರುವುದು ಕೂಸಿಗೆ ಆರು ತಿಂಗಳಾಗುವವರೆಗೆ, ಮುಟ್ಟು ಮರಳದಿದ್ದರೆ, ಹಗಲು ರಾತ್ರಿ ಎದೆಹಾಲು ಮಾತ್ರ ಕುಡಿಸುತ್ತಿದ್ದರೆ. ಹಗಲಿನಲ್ಲಿ ನಾಲ್ಕು ತಾಸು, ರಾತ್ರಿ ಆರು ತಾಸಿಗಿಂತ ಹೆಚ್ಚು ಅಂತರ ಬೀಳಬಾರದು. ಪ್ಯಾಸಿಫೈಯರ್ ಆ ಅಂತರವನ್ನು ಹಿಗ್ಗಿಸಿದರೆ ಲೆಕ್ಕ ತಪ್ಪುತ್ತದೆ.

ಈ ವಿಷಯದಲ್ಲಿ ಯಾರನ್ನು ಕೇಳಬೇಕು ಎಂದರೆ ನನ್ನ ಬೆರಳು ಆಶಾ ಕಾರ್ಯಕರ್ತೆಯ ಕಡೆಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28, 42ನೆಯ ದಿನ ಮನೆಗೇ ಬಂದು ನೋಡುವುದು ಅವರ ಕೆಲಸ. ಒರತೆಯ ತಿಂಗಳಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ದಿನಪಟ್ಟಿ ಇಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದರೂ, ಮೊದಲ ತಾಸಿನಲ್ಲೇ ಎದೆಹಾಲು ಸಿಕ್ಕ ಕೂಸುಗಳು ಸುಮಾರು 42 ಮಾತ್ರ. ಆಸ್ಪತ್ರೆಯಲ್ಲಿ ತಪ್ಪಿದ್ದನ್ನು ಮನೆಯ ಜಗಲಿಯ ಮೇಲೆ ಕುಳಿತು ತಿದ್ದುವ ಕೆಲಸ ಇವರ ಪಾಲಿಗೆ ಬಂದಿದೆ.

ನಮ್ಮಲ್ಲಿಗೆ ಬಂದಾಕೆ ಹದಿನಾಲ್ಕನೆಯ ದಿನ ಕೂಸಿನ ಹೊಟ್ಟೆಯನ್ನು ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಬಾಯಿ ಅಗಲವಾಗುವವರೆಗೆ ಕಾದು, ತಟ್ಟನೆ ಎದೆಗೆ ಹತ್ತಿಸಿ ತೋರಿಸಿದರು. ತೊಟ್ಟಿನ ಗಾಯ ವಾರದೊಳಗೆ ಮಾಯಿತು. ಸಂಜೆಯ ರಚ್ಚೆ ಮಾತ್ರ ಮಾಯಲಿಲ್ಲ, ಅದು ತನ್ನ ಪಾಡಿಗೆ ತಾನು ಏರುತ್ತಲೇ ಇತ್ತು.

ನಲವತ್ತೆರಡನೆಯ ದಿನ ತೂಕ ಹಾಕಿ ಎಲ್ಲ ಸರಿಯಿದೆ ಎಂದು ಅವರು ಹೇಳಿಹೋದ ಮೇಲೆ, ಅವ್ವನ ಒಪ್ಪಿಗೆ ಪಡೆದು, ಕುದಿಸಿ ಆರಿಸಿದ ಗುಲಾಬಿ ಪ್ಯಾಸಿಫೈಯರನ್ನು ಕೂಸಿನ ಬಾಯಿಗೆ ಇಟ್ಟೆವು. ಅದು ಎರಡು ಸಲ ಚೀಪಿತು, ಮುಖ ಸಿಂಡರಿಸಿತು, ನಾಲಿಗೆಯಿಂದ ತಳ್ಳಿ ಉಗುಳಿತು. ಮತ್ತೆ ಇಟ್ಟೆವು. ಮತ್ತೆ ಉಗುಳಿತು. ಅವ್ವ ಏನೂ ಹೇಳದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಗೆ ನಡೆದಳು.